ಕೊಳೆ ಬರಲೆಂದು ಕಾಯುವ ತೋಟ

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟ. ಮಗಳು ಫ್ರಾನ್ಸಿನ ತುಲೂಸ್‌ನಲ್ಲಿ ಇಂಜಿನಿಯರ್. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ ಬೋರ್ಡೋ ಹತ್ತಿರದ ಸೋತೆರ್ನ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದಳು. ಗುಡ್ಡದ ಮೇಲೆ ಕೋಟೆಯಂಥ ಹಳೇ ಮನೆ, ಸುತ್ತಲೂ ದ್ರಾಕ್ಷಿ. ಶಾತೋ ದಿಕೆಮ್ ಎಂದು ಹೆಸರು. ಅಲ್ಲಿಯವರು ದ್ರಾಕ್ಷಿಗೆ ಕೊಳೆ ಬರಲಿ ಎಂದು ಕಾಯುತ್ತಾರಂತೆ, ಕೊಳೆತದ್ದನ್ನೇ ಆರಿಸಿ ವೈನ್ ಮಾಡುತ್ತಾರಂತೆ, ಒಂದು ಬಾಟಲಿಗೆ ನೂರಾರು ಯೂರೋ ಅಂತೆ. ಆಷಾಢದಲ್ಲಿ ಕೊಳೆ ಬಾರದಿರಲಿ ಎಂದು ಹರಕೆ ಹೊರುವ ನಮಗೆ ಇದು ತಲೆಗೆ ಹೋಗಲಿಲ್ಲ. ಇದು ಅಲ್ಲಿನ ಮಣ್ಣಿನ ಗುಣವೋ, ದೊಡ್ಡ ಮನೆತನದ ಹೆಸರಿನ ಬಲವೋ? ಮತ್ತೆ ಹೋಗುವ ಯೋಚನೆಯಿದೆ, ಏನನ್ನು ನೋಡಬೇಕು?

ಉತ್ತರ:

ನಿಮ್ಮ ಪತ್ರದಲ್ಲಿ 'ಕೊಳೆ' ಎಂಬ ಮಾತು ಓದುತ್ತಲೇ ಖುಷಿಯಾಯಿತು. ನಾನು ಸಸ್ಯರೋಗದ ವಿದ್ಯಾರ್ಥಿ. ಬೋರ್ಡೋದಲ್ಲಿ ಸಂಶೋಧನೆಗೆಂದು ಇದ್ದ ಕಾಲದಲ್ಲಿ ಎರಡು ಅಕ್ಟೋಬರ್ ತಿಂಗಳು ಸೋತೆರ್ನ್‌ನ ಒಂದು ಸಣ್ಣ ತೋಟದಲ್ಲಿ ಕೊಯ್ಲಿನವರ ಜೊತೆ ನಿಂತಿದ್ದೇನೆ. ಅದು ದಿಕೆಮ್ ಅಲ್ಲ, ಆದರೆ ಅದೇ ಮಂಜು, ಅದೇ ಕೊಳೆ. ಹಾಗಾಗಿ ಕೊಳೆಯಿಂದಲೇ ಶುರುಮಾಡುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಬೋರ್ಡೋ ಎಂಬ ಹೆಸರು ನಿಮಗೆ ಹೊಸದಲ್ಲ. ಮಳೆ ಹಿಡಿಯುವ ಮುಂಚೆ ಅಡಿಕೆ ಕೊನೆಗೆ ಹೊಡೆಸುವ ಮೈಲುತುತ್ತು-ಸುಣ್ಣದ ನೀಲಿ ದ್ರಾವಣ ಹುಟ್ಟಿದ್ದು ಅದೇ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನಬಾರದೆಂದು ರಸ್ತೆಯಂಚಿನ ಬಳ್ಳಿಗಳಿಗೆ ಅಲ್ಲಿನ ರೈತರು ಮೈಲುತುತ್ತು-ಸುಣ್ಣ ಬಳಿಯುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಡೌನಿ ರೋಗ ಬಂದಿಲ್ಲ ಎಂಬುದನ್ನು ಮಿಯಾರ್ದೆ ಎಂಬ ಪ್ರಾಧ್ಯಾಪಕರು ಗಮನಿಸಿದರು, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆಗೆ ಒಗ್ಗಿಸಿದರು. ಕೊಳೆಯನ್ನು ಓಡಿಸುವ ಔಷಧ ಕೊಟ್ಟ ಸೀಮೆಯೇ ಇನ್ನೊಂದು ಕೊಳೆಯನ್ನು ಕೈಮುಗಿದು ಕರೆಯುತ್ತದೆ.

ನಿಮ್ಮ ಕೊಳೆಯೂ ಅವರ ಕೊಳೆಯೂ ಒಂದೇ ಜೀವಿಯಲ್ಲ. ಅಡಿಕೆಯದು ಫೈಟಾಫ್ತೊರ. ಸುರಿಯುವ ಮಳೆಯಲ್ಲಿ ಈಜಿಕೊಂಡು ಹರಡುವಂಥದ್ದು, ಅದಕ್ಕೆ ಒಳ್ಳೆಯ ಮುಖವೇ ಇಲ್ಲ. ಸೋತೆರ್ನ್‌ನದು ಬೊಟ್ರೈಟಿಸ್ ಸಿನೆರಿಯಾ ಎಂಬ ಬೂದುಬಣ್ಣದ ಬೂಷ್ಟು. ನಮ್ಮಲ್ಲೂ ಇದೆ. ಗುಲಾಬಿ ಮೊಗ್ಗು ಕಂದು ತಿರುಗಿ ಬಾಡುವುದು, ಡಬ್ಬಿಯೊಳಗಿನ ಸ್ಟ್ರಾಬೆರಿಗೆ ಬೂದು ತುಪ್ಪಟ ಬರುವುದು ಇದರದೇ ಕೆಲಸ. ಜಗತ್ತಿನ ಬಹುಪಾಲು ದ್ರಾಕ್ಷಿ ತೋಟಗಳಲ್ಲಿ ಇದು ಶತ್ರು. ಸಿಪ್ಪೆ ಒಡೆದು, ರಸ ಸೋರಿ, ಹುಳಿವಾಸನೆ ಬಂದು, ಇಡೀ ಗೊಂಚಲು ವಿನೆಗರ್ ಆಗಿಬಿಡುತ್ತದೆ.

ಆದರೆ ಇದೇ ಬೂಷ್ಟು ಹಣ್ಣು ಪೂರ್ತಿ ಮಾಗಿದ ಮೇಲೆ ಬಂದರೆ, ಬೆಳಿಗ್ಗೆ ತೇವ ಸಿಕ್ಕಿ ಮಧ್ಯಾಹ್ನ ಬಿಸಿಲು-ಗಾಳಿ ತಾಗಿದರೆ, ಕಥೆಯೇ ಬೇರೆ. ಅದರ ಎಳೆಗಳು ಸಿಪ್ಪೆಯನ್ನು ಒಡೆಯದೆ ಸೂಕ್ಷ್ಮವಾಗಿ ತೂರಿಕೊಂಡು ಒಳಗೆ ಹೋಗುತ್ತವೆ. ಸಿಪ್ಪೆಯ ಕಟ್ಟು ಸಡಿಲವಾಗಿ ಒಳಗಿನ ನೀರು ಆವಿಯಾಗತೊಡಗುತ್ತದೆ. ಸಕ್ಕರೆ, ಹುಳಿ, ಪರಿಮಳ ಗಟ್ಟಿಯಾಗುತ್ತಾ ಹೋಗುತ್ತವೆ. ಒಣದ್ರಾಕ್ಷಿಯಲ್ಲೂ ನೀರು ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಆದರೆ ಅಲ್ಲಿ ಇದ್ದದ್ದೇ ಇಂಗುತ್ತದೆ, ಅಷ್ಟೆ. ಇಲ್ಲಿ ಬೂಷ್ಟು ತಾನೂ ಅಡುಗೆ ಮಾಡುತ್ತದೆ. ಹಣ್ಣಿನ ಹುಳಿಯಲ್ಲಿ ಒಂದು ಪಾಲನ್ನು ತಿಂದು ಹಾಕುತ್ತದೆ, ಗ್ಲಿಸರಾಲ್ ಹುಟ್ಟಿಸುತ್ತದೆ, ಮೊದಲು ಇಲ್ಲದಿದ್ದ ಪರಿಮಳಗಳನ್ನು ಸೇರಿಸುತ್ತದೆ. ಫ್ರೆಂಚರು ಇದನ್ನು ಕುಲೀನ ಕೊಳೆ ಎನ್ನುತ್ತಾರೆ. ಅತಿಶಯದ ಹೆಸರು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಒಂದು ಗೊಂಚಲನ್ನು ಹತ್ತಿರದಿಂದ ನೋಡೋಣ. ಅಕ್ಟೋಬರ್ ಮಧ್ಯದ ಒಂದು ಬೆಳಿಗ್ಗೆ ನನ್ನ ಕೈಗೆ ಸಿಕ್ಕ ಸೆಮಿಯೋಂ ತಳಿಯ ಗೊಂಚಲು ಅದು. ಮೇಲಿನ ಹೆಗಲಿನಲ್ಲಿ ಹಣ್ಣುಗಳು ಇನ್ನೂ ಹೊನ್ನಿನ ಬಣ್ಣ, ಮೇಲೆ ಕಂದು ಚುಕ್ಕಿ. ಅದರ ಕೆಳಗೆ ನೇರಳೆ-ಕಂದು ಬಣ್ಣಕ್ಕೆ ತಿರುಗಿದವು, ಇನ್ನೂ ಉಬ್ಬಿಕೊಂಡೇ ಇವೆ. ಇವನ್ನು ಅಲ್ಲಿಯವರು ಪೂರ್ತಿ ಕೊಳೆತವು ಎನ್ನುತ್ತಾರೆ, ಆದರೆ ಕೊಯ್ಯುವುದಿಲ್ಲ. ನಡುವೆ ಏಳೆಂಟು ಹಣ್ಣು ಸುಕ್ಕುಗಟ್ಟಿ, ಒಲೆಯ ಬೂದಿಯಲ್ಲಿ ಹೊರಳಿಸಿ ತೆಗೆದಂತೆ ಕಾಣುತ್ತಿದ್ದವು. ಇವು 'ಹುರಿದವು'. ಬೇಕಾದದ್ದು ಇವು ಮಾತ್ರ. ಒಂದನ್ನು ಬಾಯಿಗೆ ಹಾಕಿಕೊಂಡೆ. ಜೋನಿಬೆಲ್ಲದ ಸಿಹಿ, ಆಮೇಲೆ ಒಣ ಏಪ್ರಿಕಾಟಿನ ಹುಳಿ, ಕೊನೆಗೆ ನಾಲಿಗೆಯ ಮೇಲೆ ಅಣಬೆಯ ವಾಸನೆಯಂಥದ್ದೇನೋ ಉಳಿಯಿತು. ಗೊಂಚಲಿನ ತಳದಲ್ಲಿ ಎರಡು ಹಣ್ಣು ಒಡೆದು ವಿನೆಗರ್ ವಾಸನೆ ಬರುತ್ತಿತ್ತು. ಅವನ್ನು ಕಿತ್ತು ನೆಲಕ್ಕೆ ಹಾಕಬೇಕು. ಒಂದೇ ಗೊಂಚಲಲ್ಲಿ ನಾಲ್ಕು ತರಹ. ನಾನು ಮೊದಲ ದಿನ ಆತುರದಲ್ಲಿ ಪೂರ್ತಿ ಗೊಂಚಲನ್ನೇ ಕತ್ತರಿಸಿ ಬುಟ್ಟಿಗೆ ಹಾಕಿಬಿಟ್ಟೆ. ಮೇಲ್ವಿಚಾರಣೆಗಿದ್ದ ಅಜ್ಜಿ ಏನೂ ಹೇಳದೆ ಬುಟ್ಟಿಯಿಂದ ಅದನ್ನು ಎತ್ತಿ, ಮೊನಚು ಕತ್ತರಿಯಿಂದ ಬೇಕಾದ ಏಳು ಹಣ್ಣನ್ನು ಬಿಡಿಸಿ, ಉಳಿದದ್ದನ್ನು ನನ್ನ ಅಂಗೈಗೆ ಇಟ್ಟಳು. ಬಳ್ಳಿಯಲ್ಲೇ ಇದ್ದಿದ್ದರೆ ಇನ್ನೊಂದು ವಾರಕ್ಕೆ ಆಗಿಬರಬೇಕಾಗಿದ್ದ ಹಣ್ಣುಗಳವು.

ಈಗ ಮಂಜಿನ ವಿಷಯ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ.

ಸೋತೆರ್ನ್ ಇರುವುದು ಬೋರ್ಡೋ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್. ಪಕ್ಕದಲ್ಲಿ ಗರೋನ್ ಎಂಬ ದೊಡ್ಡ ಹೊಳೆ. ಅದಕ್ಕೆ ಬಂದು ಸೇರುವ ಚಿಕ್ಕ ಹೊಳೆ ಸಿರೋನ್, ಉದ್ದ 100 ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಈ ಸಿರೋನ್ ಹುಟ್ಟುವುದು ಲಾಂಡ್ ಎಂಬ ಮರಳುನೆಲದ ಕಾಡು ಸೀಮೆಯಲ್ಲಿ. ಒರತೆಯ ನೀರು, ದಾರಿಯುದ್ದಕ್ಕೂ ಮರಗಳ ಚಪ್ಪರ, ಹಾಗಾಗಿ ಬೇಸಿಗೆ ಮುಗಿದರೂ ಅದರ ನೀರು ತಣ್ಣಗೇ ಇರುತ್ತದೆ. ಗರೋನ್ ಅಗಲವಾದ, ಬಿಸಿಲು ಬೀಳುವ ಹೊಳೆ, ಅದರ ನೀರು ಬೆಚ್ಚಗೆ. ಶರತ್ಕಾಲದ ಬೆಳಗಿನ ಜಾವ ತಣ್ಣನೆಯದು ಬೆಚ್ಚನೆಯದನ್ನು ಸೇರುವ ಕಡೆ ಮಂಜು ಏಳುತ್ತದೆ, ಕಣಿವೆಯಲ್ಲಿ ತುಂಬಿಕೊಂಡು ಮೆಲ್ಲಗೆ ಗುಡ್ಡ ಹತ್ತುತ್ತದೆ. ಹತ್ತು-ಹನ್ನೊಂದು ಗಂಟೆಗೆ ಬಿಸಿಲು ಬಂದು ಮಂಜು ಕರಗುತ್ತದೆ, ಮಧ್ಯಾಹ್ನಕ್ಕೆ ಹಣ್ಣಿನ ಮೈ ಒಣಗಿರುತ್ತದೆ. ಬೂಷ್ಟಿಗೆ ಮೊಳೆಯಲು ಬೇಕಾದಷ್ಟೇ ತೇವ, ಹಣ್ಣು ಹಾಳಾಗದಷ್ಟೇ ಒಣಹವೆ. ಮಳೆಯೇ ಹಿಡಿದುಕೊಂಡರೆ ಕುಲೀನ ಕೊಳೆ ಹೋಗಿ ಬರೀ ಕೊಳೆ ಉಳಿಯುತ್ತದೆ. ಮಂಜೇ ಬಾರದಿದ್ದರೆ ಹಣ್ಣು ಸುಮ್ಮನೆ ಒಣಗುತ್ತದೆ.

ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ ಎಂಬುದು ನಿಮಗೆ ಗೊತ್ತು. ಸೋತೆರ್ನ್‌ಗೆ ಸಿರೋನ್ ದಂಡೆಯ ಕಾಡು ಹಾಗೆ. ಆ ದಂಡೆಯಲ್ಲಿ ಬೀಚ್ ಮರಗಳ ಒಂದು ತೋಪು ಇದೆ. ಯೂರೋಪಿನ ಬಹುಭಾಗ ಹಿಮದ ಚಳಿಗೆ ಸಿಕ್ಕಿ ಬೀಚ್ ಮರಗಳು ದಕ್ಷಿಣಕ್ಕೆ ಸರಿದಾಗಲೂ ಇಲ್ಲಿನವು ಉಳಿದುಕೊಂಡವು. 40 ಸಾವಿರ ವರ್ಷದಿಂದ ಅಲ್ಲೇ ಇವೆ ಎಂಬುದಕ್ಕೆ ಸಂಶೋಧಕರು ಇದ್ದಿಲಿನ ಚೂರು ಮತ್ತು ಮರಗಳ ವಂಶವಾಹಿಗಳಿಂದ ಆಧಾರ ಕೊಟ್ಟಿದ್ದಾರೆ. ತೋಟದ ಬೇಲಿಯಿಂದ ಎಷ್ಟೋ ದೂರದ ಆ ಮರಗಳ ನೆರಳು ಇಲ್ಲದಿದ್ದರೆ ಹೊಳೆ ಬೆಚ್ಚಗಾಗುತ್ತದೆ, ಹೊಳೆ ಬೆಚ್ಚಗಾದರೆ ಮಂಜು ತೆಳುವಾಗುತ್ತದೆ. ಬೋರ್ಡೋದಿಂದ ದಕ್ಷಿಣಕ್ಕೆ ಯೋಜಿಸಿರುವ ವೇಗದ ರೈಲುಮಾರ್ಗ ಸಿರೋನ್ ಕಣಿವೆಯನ್ನು ದಾಟುತ್ತದೆ ಎಂದಾಗ ಸೋತೆರ್ನ್‌ನ ಬೆಳೆಗಾರರು ಎದ್ದುನಿಂತು ವಿರೋಧಿಸಿದ್ದು ಇದೇ ಭಯಕ್ಕೆ. ಆ ಭಯ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಆದರೆ ಮಂಜು ದಿಕೆಮ್‌ ಒಂದಕ್ಕೇ ಬರುವುದಿಲ್ಲ. ಸೋತೆರ್ನ್, ಬೊಮ್, ಫಾರ್ಗ್, ಪ್ರೆನ್ಯಾಕ್, ಬಾರ್ಸಾಕ್ ಎಂಬ ಐದು ಊರುಗಳಿಗೆ ಈ ವೈನಿನ ಹೆಸರು ಸಲ್ಲುತ್ತದೆ, ಐದಕ್ಕೂ ಮಂಜು ಒಂದೇ. ದಿಕೆಮ್‌ಗೆ ಬೇಲಿ ಹಂಚಿಕೊಂಡಿರುವ ರ್ಯೂಸೆಕ್, ಗಿರೋ, ಸುದ್ಯಿರೋ ಕೂಡ ಹೆಸರಾಂತ ತೋಟಗಳೇ. ಹಾಗಾದರೆ ಈ ಗುಡ್ಡದ ವಿಶೇಷ ಏನು?

ಎತ್ತರ ಮೊದಲನೆಯದು. ಸುತ್ತಲ ದಿಬ್ಬಗಳಲ್ಲಿ ದಿಕೆಮ್ ನೆತ್ತಿಯ ಜಾಗ. ಬಹಳವೇನಲ್ಲ, ಸಮುದ್ರಮಟ್ಟದಿಂದ 75-80 ಮೀಟರ್. ನಿಮ್ಮ ಘಟ್ಟದ ಮುಂದೆ ಅದು ಹುತ್ತ. ಆದರೂ ಮಂಜು ಅಲ್ಲಿಗೆ ತಲುಪುತ್ತದೆ, ಮತ್ತು ಮೊದಲು ಗಾಳಿ ಬೀಸುವುದೂ ಅಲ್ಲೇ. ಎರಡನೆಯದು ಮಣ್ಣು. ಮೇಲ್ಪದರದಲ್ಲಿ ನುರುಜುಗಲ್ಲು ಬೆರೆತ ಮರಳು, ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ಹಣ್ಣನ್ನು ಬೇಗ ಮಾಗಿಸುತ್ತದೆ. ಕೆಳಗೆ ಜೇಡಿ. ಬೇಸಿಗೆಯಲ್ಲಿ ಬೇರಿಗೆ ತಂಪು ಕೊಡುವುದು ಈ ಜೇಡಿ. ಆದರೆ ಜೇಡಿಯ ಮೇಲೆ ನೀರು ನಿಂತರೆ ಬಳ್ಳಿಯ ಬೇರು ಉಸಿರುಗಟ್ಟುತ್ತದೆ, ಗುಡ್ಡದಲ್ಲಿ ಒರತೆಗಳೂ ಇವೆ. ಬಸಿಗಾಲುವೆ ಇಲ್ಲದ ಅಡಿಕೆ ತೋಟದ ಗತಿ ಏನೆಂದು ನಿಮಗೆ ವಿವರಿಸಬೇಕಿಲ್ಲ. ಅದಕ್ಕೆಂದೇ 19ನೇ ಶತಮಾನದಲ್ಲಿ ಆ ಮನೆತನದವರು ನೆಲದಡಿಗೆ ಮಣ್ಣಿನ ಕೊಳವೆಗಳನ್ನು ಹೂಳಿಸಿದರು. ಒಟ್ಟು ಉದ್ದ ಸುಮಾರು 100 ಕಿಲೋಮೀಟರ್. ಸುಮಾರು 100 ಹೆಕ್ಟೇರ್ ತೋಟಕ್ಕೆ 100 ಕಿಲೋಮೀಟರ್ ಕೊಳವೆ!

ದಿಕೆಮ್‌ನ ಬಗ್ಗೆ ಮಾತಾಡುವಾಗ ಎಲ್ಲರೂ ಮಂಜು, ಬೂಷ್ಟು, ರಾಜರು ಎನ್ನುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊಳವೆಗಳು. ಫ್ರೆಂಚರು 'ತೆರ್ವಾರ್' ಎನ್ನುವಾಗ ಮಣ್ಣು, ಇಳಿಜಾರು, ನೀರು, ಹವೆ ಇವಿಷ್ಟೂ ಸೇರಿ ಬಂದ ಒಂದು ಜಾಗದ ಗುಣ ಎಂದು ಅರ್ಥ. ಅದು ತಾನಾಗಿ ಬಂದ ವರ ಎಂಬಂತೆ ಮಾತಾಡುವವರೇ ಹೆಚ್ಚು. ಆದರೆ ಈ ಗುಡ್ಡದ ಜೇಡಿಯಲ್ಲಿ ಕೊಳವೆ ಹೂಳದಿದ್ದರೆ, ಮಳೆ ಹೆಚ್ಚಾದ ಪ್ರತಿ ವರ್ಷವೂ ಬಳ್ಳಿಯ ಬುಡದಲ್ಲಿ ನೀರು ನಿಂತಿರುತ್ತಿತ್ತು. ಮಣ್ಣಿನ ಗುಣವೋ ಮನೆತನದ ಬಲವೋ ಎಂದು ಕೇಳಿದಿರಲ್ಲ, ಇಲ್ಲಿ ಎರಡನ್ನೂ ಬೇರೆ ಮಾಡಲು ನನಗೆ ಸಾಧ್ಯವಿಲ್ಲ.

ಮನೆತನದ ಕಥೆ ಹೀಗಿದೆ. ಬೋರ್ಡೋ ಸೀಮೆ ಮಧ್ಯಯುಗದಲ್ಲಿ 300 ವರ್ಷ ಇಂಗ್ಲೆಂಡಿನ ದೊರೆಗಳ ಕೈಯಲ್ಲಿತ್ತು, 1453ರಲ್ಲಿ ಫ್ರಾನ್ಸಿಗೆ ಬಂತು. 1593ರಲ್ಲಿ ಜಾಕ್ ಸೋವಾಜ್ ಎಂಬ ಸ್ಥಳೀಯ ಗಣ್ಯ ಈ ಗುಡ್ಡವನ್ನು ರಾಜನಿಂದ ಗೇಣಿಗೆ ಪಡೆದ. ಅವನ ವಂಶದವರು ತುಂಡು ತುಂಡಾಗಿ ನೆಲ ಸೇರಿಸುತ್ತಾ, ಮನೆ ಕಟ್ಟುತ್ತಾ ಬಂದು, 1711ರಲ್ಲಿ ಪೂರ್ತಿ ಒಡೆಯರಾದರು. 1785ರಲ್ಲಿ ಆ ಮನೆಯ ವಾರಸುದಾರಳಾದ ಫ್ರಾನ್ಸ್ವಾಸ್ ಜೋಸೆಫೀನ್ ಲ್ಯೂರ್-ಸಲ್ಯೂಸ್ ಮನೆತನದ ಲೂಯಿ ಅಮೆದೆಯನ್ನು ಮದುವೆಯಾದಳು. ಮೂರೇ ವರ್ಷಕ್ಕೆ ಗಂಡ ಕುದುರೆಯಿಂದ ಬಿದ್ದು ತೀರಿಕೊಂಡ. ಆಗ ಅವಳಿಗೆ 20 ವರ್ಷ. ಮರುವರ್ಷವೇ ಫ್ರೆಂಚ್ ಕ್ರಾಂತಿ.

ಶ್ರೀಮಂತ ಮನೆತನಗಳ ಆಸ್ತಿ ಹರಾಜಾಗುತ್ತಿದ್ದ, ತಲೆಗಳು ಉರುಳುತ್ತಿದ್ದ ಕಾಲ ಅದು. ಅವಳೂ ಸೆರೆಮನೆ ಕಂಡಳು. ಆದರೆ ತೋಟವನ್ನು ಬಿಡಲಿಲ್ಲ. ಮುಂದೆ ಮಗನೂ ಅವಳ ಕಣ್ಣೆದುರೇ ಹೋದ. 1826ರಲ್ಲಿ, ಇನ್ನೂ ಕೈ ಬಿಗಿಯಿದ್ದ ಕಾಲದಲ್ಲೇ, ವೈನನ್ನು ಇಲ್ಲಿಯೇ ಹಣ್ಣಾಗಿಸಲು ದೊಡ್ಡ ಉಗ್ರಾಣ ಕಟ್ಟಿಸಿದಳು. 1851ರಲ್ಲಿ ಅವಳು ತೀರಿಕೊಂಡಾಗ ತೋಟ ಮೊಮ್ಮಗ ರೊಮೆಂ ಬೆರ್ತ್ರಾಂನ ಕೈಗೆ ಬಂತು. ನಾಲ್ಕೇ ವರ್ಷಕ್ಕೆ, 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಸೀಮೆಯ ವೈನುಗಳನ್ನು ಬೆಲೆಯ ಲೆಕ್ಕದಲ್ಲಿ ಶ್ರೇಣಿ ಹಚ್ಚಿದರು. ಬಿಳಿ ವೈನುಗಳಲ್ಲಿ ದಿಕೆಮ್ ಒಂದಕ್ಕೇ ಎಲ್ಲಕ್ಕೂ ಮೇಲಿನ ಪ್ರತ್ಯೇಕ ದರ್ಜೆ ಸಿಕ್ಕಿತು. ಅದು ಇಂದಿಗೂ ಹಾಗೇ ಇದೆ. ಪುಸ್ತಕಗಳು ಈ 1855ನ್ನು ದೊಡ್ಡದಾಗಿ ಬರೆಯುತ್ತವೆ. ನನ್ನ ಲೆಕ್ಕದಲ್ಲಿ ಅದು 63 ವರ್ಷ ಒಬ್ಬ ವಿಧವೆ ತೋಟ ಉಳಿಸಿಕೊಂಡದ್ದರ ಫಲ.

ಅವಳ ಗಂಡ ಬದುಕಿದ್ದ ಕಾಲದ ಒಂದು ಪತ್ರ ಪ್ರಸಿದ್ಧವಾಗಿದೆ. ಆಗ ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1787ರಲ್ಲಿ ಬೋರ್ಡೋಗೆ ಬಂದಿದ್ದ. ಅದೇ ವರ್ಷದ ಕೊನೆಯಲ್ಲಿ 1784ರ ದಿಕೆಮ್ ವೈನಿನ 250 ಬಾಟಲಿ ಬೇಕೆಂದು ನೇರವಾಗಿ ತೋಟಕ್ಕೇ ಬರೆದ. ಆಸ್ತಿ ಅಳಿಯನ ಮನೆತನಕ್ಕೆ ಹೋಗಿದ್ದು ಅವನಿಗೆ ಗೊತ್ತಿರಲಿಲ್ಲ, 'ದಿಕೆಮ್ ಅವರಿಗೆ' ಎಂದೇ ವಿಳಾಸ. 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ 30 ಡಜನ್, ತನಗೆ 10 ಡಜನ್ ತರಿಸಿದ.

ಇನ್ನು ನಿಮ್ಮ ಗೈಡ್ ಬಹುಶಃ ಹೇಳಿರಬಹುದಾದ ಕಥೆ. 1847ರಲ್ಲಿ ಒಡೆಯ ರಷ್ಯಕ್ಕೆ ಹೋಗಿದ್ದನಂತೆ, ತಾನು ಬರುವ ತನಕ ಕೊಯ್ಲು ಮಾಡಬೇಡಿ ಎಂದಿದ್ದನಂತೆ, ಬರುವುದು ತಡವಾಗಿ ಹಣ್ಣೆಲ್ಲ ಬೂಷ್ಟು ಹಿಡಿದಿತ್ತಂತೆ, ವಿಧಿಯಿಲ್ಲದೆ ಅದನ್ನೇ ಹಿಂಡಿದರೆ ಅಮೃತವಾಯಿತಂತೆ. ಕೇಳಲು ಚೆನ್ನಾಗಿದೆ, ಆದರೆ ನಂಬಬೇಡಿ. ಜರ್ಮನಿಯ ಯೋಹಾನಿಸ್‌ಬೆರ್ಗ್ ತೋಟದಲ್ಲೂ ಇದೇ ಕಥೆಯಿದೆ. ಅಲ್ಲಿ ತಡವಾಗಿ ಬರುವವನು ಕೊಯ್ಲಿನ ಅಪ್ಪಣೆ ತರುವ ಓಲೆಕಾರ, ವರ್ಷ 1775. ಸೋತೆರ್ನ್‌ನಲ್ಲಿ ಅಕ್ಟೋಬರ್ ನಡುವಿನ ತನಕ ಕೊಯ್ಯುವ ರೂಢಿಯಿಲ್ಲ ಎಂದು ಹೇಳುವ 1666ರ ಕರಾರುಪತ್ರವೇ ಇದೆ. ತಡವಾಗಿ, ಕೊಳೆತ ಮೇಲೆ ಕೊಯ್ಯುವುದು ಒಬ್ಬ ಒಡೆಯನ ಆಕಸ್ಮಿಕವಲ್ಲ. ಹೆಸರಿಲ್ಲದ ಎಷ್ಟೋ ಒಕ್ಕಲುಗಳು ತಲೆಮಾರುಗಳ ಕಾಲ ನೋಡಿ, ರುಚಿ ನೋಡಿ, ಕಲಿತದ್ದು ಅದು. ಅವರಿಂದ ಆ ಶ್ರೇಯವನ್ನು ಕಿತ್ತು ಪ್ರಯಾಣದಲ್ಲಿದ್ದ ಒಡೆಯನಿಗೆ ಕೊಡುವುದು ನನಗೆ ಸರಿಕಾಣುವುದಿಲ್ಲ. ರಷ್ಯದ ನಂಟು ಮಾತ್ರ ನಿಜ: 1859ರಲ್ಲಿ ಗ್ರ್ಯಾಂಡ್ ಡ್ಯೂಕ್ ಕಾನ್‌ಸ್ಟಂಟೈನ್ ಆ 1847ರ ವೈನಿನ ಒಂದು ತೊನ್ನೊಗೆ, ಅಂದರೆ 900 ಲೀಟರಿಗೆ, 20 ಸಾವಿರ ಚಿನ್ನದ ಫ್ರಾಂಕ್ ಕೊಟ್ಟ. ಆ ಬೆಲೆಯ ಸುದ್ದಿ ಹಬ್ಬಿದ ಮೇಲೆ ದಿಕೆಮ್ ರಾಜಮಹಾರಾಜರ ಹೆಸರಾಯಿತು.

ಬೆಲೆಯ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಗುಟ್ಟೇನಿಲ್ಲ.

ಹಣ್ಣು ಒಮ್ಮೆಲೇ ಕೊಳೆಯುವುದಿಲ್ಲವಾದ್ದರಿಂದ ಕೊಯ್ಲು ಒಮ್ಮೆಲೇ ಮುಗಿಯುವುದಿಲ್ಲ. ಒಂದೇ ಸಾಲಿಗೆ ಐದಾರು ಸಲ, ಕೆಲವು ವರ್ಷ ಇನ್ನೂ ಹೆಚ್ಚು ಸಲ, ಜನ ಮತ್ತೆ ಮತ್ತೆ ಹೋಗಿ ಹುರಿದ ಹಣ್ಣನ್ನು ಮಾತ್ರ ಬಿಡಿಸಿ ತರುತ್ತಾರೆ. ಮಳೆ ಬಂದರೆ ದಿನಗಟ್ಟಲೆ ಸುಮ್ಮನೆ ಕೂರಬೇಕು. ಇಷ್ಟಾಗಿ ಸಿಗುವುದು ಹೆಕ್ಟೇರಿಗೆ ಸರಾಸರಿ 900 ಲೀಟರ್. ಸೋತೆರ್ನ್‌ನ ಕಾನೂನು 2,500 ಲೀಟರ್ ತನಕ ಅವಕಾಶ ಕೊಡುತ್ತದೆ, ಬೋರ್ಡೋದ ಸಾಮಾನ್ಯ ಕೆಂಪು ವೈನಿನ ತೋಟದಲ್ಲಿ 4,500-5,000 ಲೀಟರ್ ಬರುವುದು ಮಾಮೂಲು. ಹೆಕ್ಟೇರಿಗೆ 6,600ರ ಆಸುಪಾಸು ಬಳ್ಳಿಗಳು. ಭಾಗಿಸಿದರೆ ಬಳ್ಳಿಗೆ 136 ಮಿಲಿಲೀಟರ್. 'ಬಳ್ಳಿಗೊಂದು ಲೋಟ' ಎಂದು ದಿಕೆಮ್‌ನ ಬಗ್ಗೆ ಹೇಳುವುದು ಉತ್ಪ್ರೇಕ್ಷೆಯಲ್ಲ, ಸರಿಯಾದ ಲೆಕ್ಕ. ಬೇರೆ ಕಡೆ ಒಂದು ಬಳ್ಳಿ ಒಂದು ಬಾಟಲಿಯನ್ನಾದರೂ ಕೊಡುತ್ತದೆ.

ಮುದಿ ಬಳ್ಳಿಗಳನ್ನು ವರ್ಷಕ್ಕೆ ಎರಡು ಮೂರು ಹೆಕ್ಟೇರಿನಷ್ಟು ಕಿತ್ತು, ನೆಲವನ್ನು ಬೀಳು ಬಿಟ್ಟು, ಮತ್ತೆ ನೆಟ್ಟು, ಒಳ್ಳೆಯ ಹಣ್ಣಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಅದಕ್ಕೇ ಬಳ್ಳಿಯಿರುವ ನೆಲ 113 ಹೆಕ್ಟೇರ್ ಆದರೂ ವೈನಿಗೆ ಒದಗುವುದು ಸುಮಾರು 100. ಬಳ್ಳಿಗಳಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಸೆಮಿಯೋಂ, ಉಳಿದದ್ದು ಸೊವಿನ್ಯೋಂ ಬ್ಲಾಂ. ಸೆಮಿಯೋಂನ ಸಿಪ್ಪೆ ತೆಳು, ಬೂಷ್ಟಿಗೆ ಬಾಗಿಲು ಬೇಗ ತೆರೆಯುತ್ತದೆ. ಸೊವಿನ್ಯೋಂ ಹುಳಿಯನ್ನೂ ಪರಿಮಳವನ್ನೂ ಕೊಡುತ್ತದೆ.

ರಸದ ವಿಷಯದಲ್ಲಿ ಒಂದು ಸೊಗಸಾದ ಗಣಿತವಿದೆ. ಹುದುಗುವಾಗ ಪ್ರತಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿ 1 ಶೇಕಡಾ ಆಲ್ಕೋಹಾಲ್ ಆಗುತ್ತದೆ. ದಿಕೆಮ್‌ನಲ್ಲಿ ಬಯಸುವುದು 20 ಶೇಕಡಾ ಆಲ್ಕೋಹಾಲ್ ಆಗಬಲ್ಲಷ್ಟು ಸಕ್ಕರೆ, ಎಂದರೆ ಲೀಟರಿಗೆ 340 ಗ್ರಾಂ. ಆದರೆ ಯೀಸ್ಟ್ 14ರ ಹತ್ತಿರ ಬಂದಾಗ ಸುಸ್ತಾಗಿ ನಿಲ್ಲುತ್ತದೆ. ಬೂಷ್ಟು ಬಿಟ್ಟುಹೋದ ಪದಾರ್ಥಗಳೂ ಅದನ್ನು ತಡೆಯುತ್ತವೆ. ಉಳಿದ 6 ಶೇಕಡಾದ ಸಕ್ಕರೆ, 100 ಗ್ರಾಂಗೂ ಮೇಲೆ, ವೈನಿನಲ್ಲೇ ಉಳಿಯುತ್ತದೆ. ಹೊರಗಿನಿಂದ ಸಕ್ಕರೆ ಹಾಕಿದ್ದಲ್ಲ, ಯೀಸ್ಟ್ ತಿಂದು ಬಿಟ್ಟ ಶೇಷ. ಹಣ್ಣು ಹಿಂಡುವಾಗಲೂ ಲೋಕರೂಢಿಗೆ ವಿರುದ್ಧ. ಬೇರೆ ವೈನಿನಲ್ಲಿ ಮೊದಲು ಇಳಿಯುವ ರಸ ಶ್ರೇಷ್ಠ, ಕೊನೆಯದು ಕಳಪೆ. ಇಲ್ಲಿ ಸುಕ್ಕಿದ ಹಣ್ಣು ತನ್ನ ಗಟ್ಟಿ ರಸವನ್ನು ಸುಲಭಕ್ಕೆ ಬಿಡುವುದಿಲ್ಲ. ಮೂರನೇ ಹಿಂಡಿಗೆ ಎಣ್ಣೆಯಂತೆ ಮೆಲ್ಲಗೆ ಇಳಿಯುವುದೇ ಎಲ್ಲಕ್ಕಿಂತ ಸಿಹಿ. ಆಮೇಲೆ ಹೊಸ ಓಕ್ ಪೀಪಾಯಿಯಲ್ಲಿ ವಾಸ, ಹಿಂದೆ ಮೂರು ವರ್ಷಕ್ಕೂ ಮೇಲೆ, ಈಗ ಎರಡರ ಹತ್ತಿರ. ಪೀಪಾಯಿಯಲ್ಲಿ ಮನಸ್ಸಿಗೆ ಬಾರದ್ದು ದಿಕೆಮ್ ಹೆಸರಿನಲ್ಲಿ ಹೊರಗೆ ಹೋಗುವುದಿಲ್ಲ. ಸಿಹಿಯಿಲ್ಲದ ಬಿಳಿ ವೈನೊಂದನ್ನೂ 1959ರಿಂದ ಮಾಡುತ್ತಾರೆ, ಅದಕ್ಕೆ 'ಇಗ್ರೆಕ್' ಎಂಬ ಬೇರೆಯೇ ಹೆಸರು.

ಆದರೆ ಈ ತೋಟದ ಬಗ್ಗೆ ನನಗಿರುವ ಗೌರವ ಹುಟ್ಟಿದ್ದು ಅವರು ಮಾಡಿದ ವೈನಿನಿಂದಲ್ಲ, ಮಾಡದೇ ಬಿಟ್ಟದ್ದರಿಂದ. 1910, 1915, 1930, 1951, 1952, 1964, 1972, 1974, 1992 ಹಾಗೂ 2012. ಈ ವರ್ಷಗಳ ದಿಕೆಮ್ ನಿಮಗೆ ಎಲ್ಲಿಯೂ ಸಿಗುವುದಿಲ್ಲ. ಮಳೆ ಕೆಡಿಸಿತು, ಇಲ್ಲವೇ ಕೊಳೆ ಹದವಾಗಿ ಬರಲಿಲ್ಲ. ವರ್ಷಪೂರ್ತಿ ಸವರಿ, ಉತ್ತು, ಕೂಲಿ ಕೊಟ್ಟು, ಕೊನೆಗೆ ಈ ವರ್ಷ ನಮ್ಮ ಹೆಸರಿನ ವೈನ್ ಇಲ್ಲ ಎಂದು ಹೇಳಿದರು. ಕೊಳೆ ಬಿದ್ದ ವರ್ಷ ಅಡಿಕೆ ಮನೆಯಲ್ಲಿ ಹೇಗಿರುತ್ತದೆ ಎಂಬುದನ್ನು ಬಲ್ಲ ನಿಮಗೆ ಇದರ ಭಾರ ಗೊತ್ತಾಗುತ್ತದೆ. 1951 ಮತ್ತು 1952ರಲ್ಲಿ ಸಾಲಾಗಿ ಎರಡು ವರ್ಷ ಹೀಗೆ ಬಿಡುವಾಗ ತೋಟ ಬೆರ್ತ್ರಾಂ ದ ಲ್ಯೂರ್-ಸಲ್ಯೂಸ್ ಕೈಯಲ್ಲಿತ್ತು, ಹಿಂದೆ ದೊಡ್ಡ ಕಂಪನಿಯ ಬೊಕ್ಕಸ ಯಾವುದೂ ಇರಲಿಲ್ಲ.

ಆ ಕಂಪನಿ ಆಮೇಲೆ ಬಂತು. 1968ರಲ್ಲಿ ಬೆರ್ತ್ರಾಂ ತೀರಿಕೊಂಡ ಮೇಲೆ ಸೋದರನ ಮಗ ಅಲೆಕ್ಸಾಂದ್ರ್ ನೋಡಿಕೊಳ್ಳುತ್ತಿದ್ದರು. ಆದರೆ ಪಾಲು ಹಲವರ ನಡುವೆ ಹಂಚಿಹೋಗಿತ್ತು. 1996ರಲ್ಲಿ ಅಣ್ಣನೂ ಸೇರಿದಂತೆ ಮನೆಯ ಬಹುಮಂದಿ ತಮ್ಮ ಪಾಲನ್ನು ಐಷಾರಾಮಿ ಸರಕುಗಳ ಎಲ್‌ವಿಎಂಎಚ್ ಕಂಪನಿಗೆ ಮಾರಿದರು. ಅಲೆಕ್ಸಾಂದ್ರ್ ಕೋರ್ಟಿಗೆ ಹೋದರು. 1999ರಲ್ಲಿ ರಾಜಿಯಾಗಿ ತೋಟ ಕಂಪನಿಯದಾಯಿತು, ಅವರು 2004ರ ತನಕ ಮೇಲ್ವಿಚಾರಣೆಯಲ್ಲಿ ಉಳಿದರು, ನಂತರ ಪಿಯರ್ ಲ್ಯೂರ್ತೋಂ ಬಂದರು. ಹಿಸ್ಸೆಯಲ್ಲಿ ಹಳೇ ತೋಟ ಕೈತಪ್ಪುವ ಕಥೆ ನಮ್ಮ ಕಡೆ ಹೊಸದಲ್ಲವಾದ್ದರಿಂದ ಅದನ್ನು ಬೆಳೆಸುವುದಿಲ್ಲ. ಕಂಪನಿಯ ಕೈಗೆ ಹೋದ ಮೇಲೆ ಹಳೆಯ ನಿಯಮ ಉಳಿಯುತ್ತದೆಯೇ ಎಂಬ ಅನುಮಾನ ಬಹಳ ಮಂದಿಗೆ ಇತ್ತು, ನನಗೂ ಇತ್ತು. 2012ರ ಡಿಸೆಂಬರಿನಲ್ಲಿ ಆ ವರ್ಷದ ದಿಕೆಮ್ ಇಲ್ಲ ಎಂದು ಲ್ಯೂರ್ತೋಂ ಪ್ರಕಟಿಸಿದಾಗ ನನಗೆ ನಿಜವಾಗಿಯೂ ಸಮಾಧಾನವಾಯಿತು.

ಮಣ್ಣೋ ಮನೆತನವೋ ಎಂಬುದಕ್ಕೆ ಈಗ ನೇರವಾಗಿ ಹೇಳುತ್ತೇನೆ. ಮಂಜನ್ನು ಯಾರೂ ಮಾಡಲಾರರು, ಆ ಜೇಡಿಯನ್ನೂ ಯಾರೂ ತರಲಾರರು. ಅದೇ ಮಂಜು, ಅದೇ ಥರದ ಮಣ್ಣು ಪಕ್ಕದವರಿಗೂ ಇದೆ, ಅವರಲ್ಲಿ ಹಲವರು ಬಹಳ ಒಳ್ಳೆಯ ವೈನ್ ಮಾಡುತ್ತಾರೆ, ಬೆಲೆ ದಿಕೆಮ್‌ನ ಕಾಲುಭಾಗವೂ ಇರುವುದಿಲ್ಲ. ಆ ವ್ಯತ್ಯಾಸದಲ್ಲಿ ಹೆಸರಿನ ಪಾಲು ಖಂಡಿತ ಇದೆ. 2011ರಲ್ಲಿ 1811ರ ಒಂದು ಬಾಟಲಿಗೆ 75 ಸಾವಿರ ಪೌಂಡ್ ಬಂತು. ಅದು ಧೂಮಕೇತು ಕಾಣಿಸಿದ ವರ್ಷದ ವೈನ್. ಅಂಥ ಬೆಲೆಗೂ ಮಣ್ಣಿಗೂ ಸಂಬಂಧವಿಲ್ಲ. ಆದರೆ ಗುಡ್ಡದ ನೆತ್ತಿ, ಆ ಜೇಡಿ, ಅದರೊಳಗಿನ ಕೊಳವೆ, ಆರನೇ ಸಲವೂ ಸಾಲಿಗೆ ಜನ ಕಳಿಸುವ ಹಟ, ಹತ್ತು ವರ್ಷದ ಬೆಳೆಯನ್ನು ಹೆಸರಿಲ್ಲದೆ ಕಳೆದುಕೊಳ್ಳುವ ಗಟ್ಟಿತನ ಇವುಗಳ ಪಾಲು ಅದಕ್ಕಿಂತ ದೊಡ್ಡದು. ನಾನು ದಿಕೆಮ್ ಕುಡಿದಿರುವುದು ಒಂದೇ ಸಲ, ಗುರುಗಳೊಬ್ಬರ ನಿವೃತ್ತಿಯ ದಿನ, ಕಿರುಲೋಟದ ಅರ್ಧದಷ್ಟು. ಏಪ್ರಿಕಾಟ್, ಜೇನು, ಕೇಸರಿ, ಕಿತ್ತಳೆ ಸಿಪ್ಪೆಯ ಕಹಿ. ಅಷ್ಟು ಸಿಹಿಯಿದ್ದೂ ನಾಲಿಗೆ ಅಂಟಲಿಲ್ಲ, ಹುಳಿ ಬಂದು ತೊಳೆದುಕೊಂಡು ಹೋಯಿತು. ಬಸ್ಸಿನಲ್ಲಿ ಮನೆಗೆ ಬರುವ ತನಕ ಬಾಯಲ್ಲಿ ಅದರ ನೆನಪು ಇತ್ತು.

ಮತ್ತೆ ಹೋಗುವುದಾದರೆ ಬೇಸಿಗೆಯಲ್ಲಿ ಹೋಗಬೇಡಿ. ಆಗ ಕಾಣುವುದು ಹಸಿರು ಬಳ್ಳಿ ಮತ್ತು ಕಲ್ಲಿನ ಗೋಡೆ ಮಾತ್ರ. ಅಕ್ಟೋಬರ್ ನಡುವಿಗೆ ಹೋಗಿ. ಹಿಂದಿನ ರಾತ್ರಿ ಲಾಂಗೋಂ ಪೇಟೆಯಲ್ಲಿ ಉಳಿದು, ಬೆಳಕು ಹರಿಯುವ ಮುಂಚೆ ಬಾರ್ಸಾಕ್ ಮತ್ತು ಪ್ರೆನ್ಯಾಕ್ ನಡುವೆ ಸಿರೋನ್ ಹೊಳೆಯ ಸೇತುವೆಗೆ ಬನ್ನಿ. ಸ್ವೆಟರ್ ಮರೆಯಬೇಡಿ. ನೀರಿಗೆ ಕೈ ಅದ್ದಿ ನೋಡಿ, ಆಮೇಲೆ ಅಲ್ಲೇ ಸ್ವಲ್ಪ ಕೆಳಗೆ ಗರೋನ್ ನೀರಿಗೂ ಅದ್ದಿ ನೋಡಿ. ಬೆಳಕು ಹರಿದ ಮೇಲೂ ಎದುರು ದಂಡೆ ಕಾಣುವುದಿಲ್ಲ. ಅಲ್ಲಿಂದ ನಿಧಾನಕ್ಕೆ ಸೋತೆರ್ನ್ ಗುಡ್ಡ ಹತ್ತಿ, ಹನ್ನೊಂದರ ಹೊತ್ತಿಗೆ ದಿಕೆಮ್ ಗೋಡೆಯ ಹೊರಗಿನ ದಾರಿಯಲ್ಲಿ ನಿಂತರೆ, ಕೆಳಗೆ ಮಂಜು ಕಣಿವೆಗೆ ಇಳಿಯುತ್ತಿರುತ್ತದೆ, ಬುಟ್ಟಿ ಹಿಡಿದವರು ಹಣ್ಣು ಒಣಗಲೆಂದು ಸಾಲಿನ ತುದಿಯಲ್ಲಿ ಕಾಯುತ್ತಾ ನಿಂತಿರುತ್ತಾರೆ.